ರೋಬೋಟ್ ಗಾಡಿ ಓಡಿಸುವುದು ಸುಲಭ, ನಿಲ್ಲುವ ಜಾಗ ಗೊತ್ತುಮಾಡುವುದೇ ಕೆಲಸ

ಫ್ಯಾಕ್ಟರಿಯೊಳಗೆ ಸಾಮಾನು ಸಾಗಿಸೋಕೆ ರೋಬೋಟ್ ತರಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಕಂಪನಿದು ಚೆನ್ನಾಗಿದೆ?" ಅಂತ. ನಾನು ಬಿಡದಿ ಕಡೆ ಒಂದು ಆಟೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೆಟೀರಿಯಲ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಸ್ಟೋರ್ಸ್‌ನಿಂದ ಅಸೆಂಬ್ಲಿ ಲೈನ್‌ಗೆ ಬಿನ್ ಹೋಗಬೇಕು. ಲೈನ್‌ನಿಂದ ಖಾಲಿ ಬಿನ್ ವಾಪಸ್ ಬರಬೇಕು. ರೆಡಿಯಾದ ಮಾಲು ಡಿಸ್‌ಪ್ಯಾಚ್ ಸೇರಬೇಕು. ಈ ಮೂರು ಓಡಾಟ ಈಗ ನಮ್ಮಲ್ಲಿ ರೋಬೋಟ್‌ಗಳ ಪಾಲು. ಪರಿಚಯದವರು ಫೋನ್ ಮಾಡಿ ಕಂಪನಿ ಹೆಸರು ಕೇಳಿದರೆ ನಾನು ತಿರುಗಿ ಕೇಳುತ್ತೇನೆ: "ನಿಮ್ಮಲ್ಲಿ ಗಾಡಿ ಎಲ್ಲೆಲ್ಲಿ ನಿಲ್ಲಬೇಕಾಗುತ್ತೆ, ಲೆಕ್ಕ ಇದೆಯಾ?"

ಓಡುವ ವಿದ್ಯೆಯನ್ನು ತಯಾರಿಸಿದವರೇ ಕಲಿಸಿ ಕಳಿಸಿರುತ್ತಾರೆ. ಲೋಡ್ ಮಾಡುವಾಗ, ಇಳಿಸುವಾಗ, ಜಂಕ್ಷನ್‌ನಲ್ಲಿ, ಬಾಗಿಲ ಮುಂದೆ, ಚಾರ್ಜಿಂಗ್‌ಗೆ, ಯಾರಾದರೂ ಅಡ್ಡ ಬಂದಾಗ, ಕೆಲಸವೇ ಇಲ್ಲದಾಗ ಎಲ್ಲಿ ನಿಲ್ಲಬೇಕು ಅನ್ನೋದು ಮಾತ್ರ ನಿಮ್ಮ ಕಟ್ಟಡಕ್ಕೆ, ನಿಮ್ಮ ಶಿಫ್ಟ್‌ಗೆ ಸೇರಿದ ವಿಷಯ. ಅದನ್ನು ಬೇರೆಯವರು ಪ್ಲಾನ್ ಮಾಡಿಕೊಡೋಕೆ ಆಗಲ್ಲ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಾಲಕ ಇಲ್ಲದ ಗಾಡಿ ಹೊಸದೇನಲ್ಲ. 1950ರ ದಶಕದಲ್ಲೇ ಅಮೆರಿಕದಲ್ಲಿ ಎಳೆದ ತಂತಿಯ ಜಾಡು ಹಿಡಿದು ಹೋಗುವ ಗಾಡಿಗಳು ಬಂದಿದ್ದವು. ಅವಕ್ಕೆ ಎಜಿವಿ (ಆಟೊಮೇಟೆಡ್ ಗೈಡೆಡ್ ವೆಹಿಕಲ್) ಅನ್ನುತ್ತಾರೆ. ಗುರುತಿನ ದಾರಿ ಬಿಟ್ಟು ಅವು ಕದಲುವುದಿಲ್ಲ. ಎಎಂಆರ್ (ಆಟೊನಾಮಸ್ ಮೊಬೈಲ್ ರೋಬೋಟ್) ಅನ್ನುವವು ಲೇಸರ್ ಸ್ಕ್ಯಾನರ್‌ನಿಂದ ಸುತ್ತ ನೋಡಿ, ತಮ್ಮೊಳಗಿನ ಮ್ಯಾಪ್ ಜೊತೆ ಹೋಲಿಸಿ, ತಾವೆಲ್ಲಿದ್ದೇವೆ ಅಂತ ತಿಳಿದುಕೊಂಡು ದಾರಿ ಮಾಡಿಕೊಳ್ಳುತ್ತವೆ. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರ್ ಕೊಟ್ಟು ಗೋದಾಮು ರೋಬೋಟ್ ಮಾಡುವ ಕಿವಾ ಸಿಸ್ಟಮ್ಸ್ ಕಂಪನಿಯನ್ನು ಕೊಂಡ ಮೇಲೆ ಎಲ್ಲರಿಗೂ ಇದರ ಮೇಲೆ ಕಣ್ಣು ಬಿತ್ತು. ನಮ್ಮ ಬೆಂಗಳೂರಲ್ಲೇ ಆತಿ ಮೋಟರ್ಸ್ 'ಶೆರ್ಪಾ' ಅಂತ ಕಾರ್ಖಾನೆ ಗಾಡಿಗಳನ್ನು ಮಾಡುತ್ತಿದೆ. ಅಂದರೆ ನೋಡಬೇಕು ಅಂದವರು ವಿಮಾನ ಹತ್ತಬೇಕಿಲ್ಲ.

ಮೊದಲು ಗೇಟ್ ಹತ್ತಿರ ನಿಂತು ಎಣಿಸಿ

ರೋಬೋಟ್ ಮಾರೋಕೆ ಬಂದವರು ನಿಮ್ಮಿಂದ ಒಂದು ಪಟ್ಟಿ ಕೇಳುತ್ತಾರೆ. ಎಲ್ಲಿಂದ ಎಲ್ಲಿಗೆ, ಗಂಟೆಗೆ ಎಷ್ಟು ಟ್ರಿಪ್, ಎಷ್ಟು ಭಾರ. ಎಲ್ಲರೂ ಇಆರ್‌ಪಿ (ಕಂಪನಿಯ ಸ್ಟಾಕ್, ಲೆಕ್ಕ ಇಡುವ ಸಾಫ್ಟ್‌ವೇರ್) ತೆಗೆದು ಒಂದು ತಿಂಗಳ ಡೇಟಾ ಕೊಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಇಆರ್‌ಪಿಯಲ್ಲಿ ಇರುವುದು ಎಂಟ್ರಿ ಹಾಕಿದ ಸಮಯ, ಮಾಲು ಕದಲಿದ ಸಮಯ ಅಲ್ಲ. ಸ್ಟೋರ್ಸ್ ಹುಡುಗ ಬೆಳಗ್ಗೆ 6ರಿಂದ ಚೀಟಿ ಚುಚ್ಚಿಟ್ಟುಕೊಂಡು, 1:40ಕ್ಕೆ ಕೂತು ಎಲ್ಲವನ್ನೂ ಒಟ್ಟಿಗೆ ಎಂಟ್ರಿ ಹಾಕುತ್ತಾನೆ. ಅವನ ತಪ್ಪಿಲ್ಲ, ಮಧ್ಯೆ ಅವನಿಗೆ ಪುರುಸೊತ್ತೇ ಇರಲ್ಲ. ಆದರೆ ಆ ಡೇಟಾ ನೋಡಿದರೆ ನಿಮ್ಮ ಕಾರ್ಖಾನೆಯ ಮಾಲೆಲ್ಲ ಊಟದ ನಂತರ ಇಪ್ಪತ್ತು ನಿಮಿಷದಲ್ಲಿ ಓಡಾಡುತ್ತದೆ ಅನಿಸುತ್ತೆ.

ಸ್ಟೋರ್ಸ್ ಗೇಟಿನಲ್ಲಿ ಒಬ್ಬರನ್ನು ನಿಲ್ಲಿಸಿ. ಹದಿನೈದು ನಿಮಿಷಕ್ಕೊಂದು ಗೆರೆ ಹಾಕಿದ ಹಾಳೆ ಸಾಕು. ಹೊರಗೆ ಹೋದ ಪ್ರತಿ ಟ್ರಾಲಿಗೆ ಒಂದು ಗೀಟು, ಅದು ಎಲ್ಲಿಗೆ ಹೋಯಿತು ಅನ್ನೋದಕ್ಕೆ ಒಂದು ಅಕ್ಷರ. ಮೂರೂ ಶಿಫ್ಟ್‌ನಲ್ಲಿ ಮಾಡಿ. ತಿಂಗಳ ಕೊನೆ ವಾರದಲ್ಲೂ ಒಮ್ಮೆ ಮಾಡಿ, ಆಗ ಡಿಸ್‌ಪ್ಯಾಚ್ ಕಡೆ ಬೇರೆಯದೇ ಲೋಕ ಇರುತ್ತದೆ. ಶಿಫ್ಟ್ ಶುರುವಾದ ಮೊದಲ ಅರ್ಧ ಗಂಟೆ ಮತ್ತು ಟೀ ಬ್ರೇಕ್ ಮುಗಿದ ಕೂಡಲೇ ಗೀಟುಗಳು ಒತ್ತೊತ್ತಾಗಿ ಬೀಳುತ್ತವೆ. ನಿಮ್ಮ ರೋಬೋಟ್ ಲೆಕ್ಕ ಆ ಒತ್ತಿದ ಗಂಟೆಯ ಮೇಲೆ ನಿಲ್ಲಬೇಕು. ದಿನದ ಸರಾಸರಿ ನೋಡಿದರೆ ಬೆಳಗ್ಗೆ 6:20ಕ್ಕೇ ಲೈನ್ ನಿಲ್ಲುತ್ತೆ.

ಇನ್ನೊಂದು ವಿಷಯ ಅಲ್ಲೇ ಕಣ್ಣಿಗೆ ಬೀಳುತ್ತದೆ. ಎಲ್ಲ ಓಡಾಟವೂ ರೋಬೋಟ್‌ಗೆ ಹೇಳಿ ಮಾಡಿಸಿದ್ದಲ್ಲ. ದಿನಕ್ಕೆ ಎರಡು ಸಲ ಹೋಗುವ ಗ್ರೀಸ್ ಡಬ್ಬ, ಉದ್ದದ ಪೈಪ್ ಕಟ್ಟು, ಅರ್ಜೆಂಟ್ ಸ್ಯಾಂಪಲ್, ಇವನ್ನೆಲ್ಲ ಕೈಗಾಡಿಗೇ ಬಿಡಿ. ಒಂದೇ ಅಳತೆಯ ಟ್ರಾಲಿ, ಒಂದೇ ಜಾಗದಿಂದ ಒಂದೇ ಜಾಗಕ್ಕೆ, ದಿನವಿಡೀ. ಶುರು ಮಾಡೋಕೆ ಅಂಥದ್ದೊಂದು ದಾರಿ ಆರಿಸಿ.

ಎಷ್ಟು ರೋಬೋಟ್ ಬೇಕು

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ. ನಿಮ್ಮ ಅಂಕಿ ಹಾಕಿಕೊಂಡು ನೀವೇ ಮಾಡಿ, ಮಾರುವವರು ಮಾಡಿಕೊಟ್ಟ ಲೆಕ್ಕದ ಪಕ್ಕ ಇಟ್ಟು ನೋಡಿ.

ಒತ್ತಡದ ಗಂಟೆಯಲ್ಲಿ 36 ಟ್ರಿಪ್ ಅಂತಿಟ್ಟುಕೊಳ್ಳಿ. ಸ್ಟೋರ್ಸ್‌ನಿಂದ ಲೈನ್‌ಗೆ 110 ಮೀಟರ್, ಹೋಗಿ ಬರೋಕೆ 220. ಕ್ಯಾಟಲಾಗ್‌ನಲ್ಲಿ ಗಾಡಿಯ ವೇಗ ಸೆಕೆಂಡಿಗೆ 1.5 ಮೀಟರ್ ಅಂತಿದೆ. ಆ ಲೆಕ್ಕಕ್ಕೆ 147 ಸೆಕೆಂಡ್. ಗಂಟೆಗೆ ಒಂದು ಗಾಡಿ 24 ಟ್ರಿಪ್ ಹೊಡೆಯುತ್ತದೆ, ಎರಡು ತಂದರೆ ಸಾಕು!

ಈಗ ನೆಲದ ಮೇಲಿನ ಲೆಕ್ಕ. ತಿರುವಿನಲ್ಲಿ ನಿಧಾನ, ಜನ ಇರುವಲ್ಲಿ ನಿಧಾನ, ಹೊರಡುವಾಗ ನಿಧಾನ. ನಮ್ಮಂಥ ಕಾರ್ಖಾನೆಯಲ್ಲಿ ಸರಾಸರಿ ಸೆಕೆಂಡಿಗೆ 0.8 ಮೀಟರ್ ಬಂದರೆ ಚೆನ್ನಾಗಿದೆ ಅನ್ನಬೇಕು. 220 ಮೀಟರ್‌ಗೆ 275 ಸೆಕೆಂಡ್ ಆಯಿತು. ಟ್ರಾಲಿ ಕೆಳಗೆ ನುಗ್ಗಿ, ಸರಿಯಾಗಿ ಕೂತು, ಎತ್ತೋಕೆ 25 ಸೆಕೆಂಡ್, ಇಳಿಸೋಕೆ ಇನ್ನೊಂದು 25. ಒಟ್ಟು 325. ಇದರ ಮೇಲೆ ಜಂಕ್ಷನ್‌ನಲ್ಲಿ ಕಾಯೋದು, ಜನಕ್ಕೆ ದಾರಿ ಬಿಡೋದು ಅಂತ ಐದನೇ ಒಂದು ಭಾಗ ಸೇರಿಸಿ. 390 ಸೆಕೆಂಡ್, ಅಂದರೆ ಆರೂವರೆ ನಿಮಿಷ. ಗಂಟೆಗೆ 9.2 ಟ್ರಿಪ್. ಚಾರ್ಜಿಂಗ್‌ಗೆ, ಸಣ್ಣಪುಟ್ಟ ತೊಂದರೆಗೆ ನೂರಕ್ಕೆ 15 ಕಳೆಯಿರಿ. 7.8 ಉಳಿಯಿತು. 36ನ್ನು 7.8ರಿಂದ ಭಾಗಿಸಿದರೆ 4.6. ಐದು ಗಾಡಿ ಬೇಕು.

ಕ್ಯಾಟಲಾಗ್ ಪ್ರಕಾರ ಎರಡು, ನೆಲದ ಪ್ರಕಾರ ಐದು. ನಡುವಿನ ಮೂರು ಗಾಡಿಯಲ್ಲಿ ಒಂದು ಪಾಲು ನಿಧಾನಗತಿಗೆ ಹೋಯಿತು, ಉಳಿದದ್ದು ನಿಲ್ಲುವುದಕ್ಕೇ ಹೋಯಿತು. ಹಾಗಾಗಿ ಆರನೆಯ ಗಾಡಿ ಕೇಳುವ ಮುಂಚೆ ಆ ಎರಡು 25 ಸೆಕೆಂಡ್‌ಗಳನ್ನು ಕಡಿಮೆ ಮಾಡೋಕೆ ಆಗುತ್ತಾ ನೋಡಿ. ಟ್ರಾಲಿಯ ಕಾಲುಗಳು ಒಂದೇ ಅಳತೆಗೆ ಇದ್ದರೆ, ಚಕ್ರ ನೇರ ಇದ್ದರೆ, ನೆಲದಲ್ಲಿ ಟ್ರಾಲಿ ಕೂರೋಕೆ ಒಂದು ಸಣ್ಣ ಕಬ್ಬಿಣದ ಗೈಡ್ ಇದ್ದರೆ ಡಾಕಿಂಗ್, ಅಂದರೆ ಗಾಡಿ ಟ್ರಾಲಿ ಕೆಳಗೆ ಸರಿಯಾಗಿ ಕೂರೋದು, ಬೇಗ ಆಗುತ್ತದೆ. ವೆಲ್ಡಿಂಗ್ ಶಾಪ್‌ನಲ್ಲಿ ಅರ್ಧ ದಿನದ ಕೆಲಸ ಅದು. ಗಾಡಿ ಜಾಸ್ತಿ ಮಾಡಿದಷ್ಟೂ ಜಂಕ್ಷನ್‌ನಲ್ಲಿ ಕಾಯೋದೂ ಜಾಸ್ತಿ ಆಗುತ್ತೆ ಅನ್ನೋದು ನೆನಪಿರಲಿ. ಒಂದು ಹಂತ ದಾಟಿದ ಮೇಲೆ ಹೊಸ ಗಾಡಿ ತಂದರೂ ಟ್ರಿಪ್ ಏರುವುದಿಲ್ಲ.

ದಾರಿ

ಟೇಪ್ ಹಿಡಿದು ಗ್ಯಾಂಗ್‌ವೇ, ಅಂದರೆ ಶೆಡ್ ಒಳಗಿನ ಓಡಾಟದ ದಾರಿ, ಅಳೆಯಿರಿ. ಡ್ರಾಯಿಂಗ್‌ನಲ್ಲಿ ಇರುವ ಅಗಲ ನಂಬಬೇಡಿ, ಹಳದಿ ಪಟ್ಟಿಯ ಒಳಗೆ ಯಾವಾಗಲೂ ಏನಾದರೂ ಇದ್ದೇ ಇರುತ್ತದೆ. ಚಾಲಕರಿಲ್ಲದ ಗಾಡಿಗಳ ಸುರಕ್ಷತೆಗೆ ಐಎಸ್‌ಒ 3691-4 ಅಂತ ಒಂದು ಮಾನದಂಡ ಇದೆ. ಗಾಡಿಯ ಎರಡೂ ಪಕ್ಕ ಅರ್ಧ ಮೀಟರ್ ಖಾಲಿ ಜಾಗ ಇರಬೇಕು ಅನ್ನೋದು ಅದರ ಮೂಲ ಲೆಕ್ಕ. ಗೋಡೆಗೂ ಗಾಡಿಗೂ ನಡುವೆ ಮನುಷ್ಯ ಸಿಕ್ಕಿಬೀಳಬಾರದು ಅಂತ. ಗಾಡಿ ಟ್ರಾಲಿ ಸಮೇತ 80 ಸೆಂಟಿಮೀಟರ್ ಅಗಲ ಇದ್ದರೆ ಒಂದು ಕಡೆಗೆ ಹೋಗೋಕೇ 1.8 ಮೀಟರ್ ಬೇಕು. ಎದುರುಬದುರು ಓಡಾಡಬೇಕು ಅಂದರೆ ಮೂರು ಮೀಟರ್ ಹತ್ತಿರ. ನಿಮ್ಮ ಗ್ಯಾಂಗ್‌ವೇ ಎರಡೂವರೆ ಮೀಟರ್ ಇದ್ದರೆ ಅದು ಒನ್ ವೇ. ಚರ್ಚೆ ಬೇಡ. ದಾರಿ ಸುತ್ತು ಆದರೂ ಚಿಂತೆಯಿಲ್ಲ, ಸುತ್ತಿಕೊಂಡು ಹೋಗುವ ಗಾಡಿ ಎದುರು ಗಾಡಿಗೆ ಸಿಕ್ಕಿ ನಿಂತ ಗಾಡಿಗಿಂತ ಬೇಗ ತಲುಪುತ್ತದೆ.

ನೆಲ ನೋಡಿ. ಎಕ್ಸ್‌ಪ್ಯಾನ್ಶನ್ ಜಾಯಿಂಟ್, ಚರಂಡಿ ಮೇಲಿನ ಜಾಲರಿ, ಎರಡು ಶೆಡ್ ಸೇರುವ ಕಡೆ ಇರುವ ಅರ್ಧ ಇಂಚಿನ ಏರು. ಸಣ್ಣ ಚಕ್ರದ ಗಾಡಿಗೆ ಇವೇ ಬೆಟ್ಟ. ಮೇಲಿನ ಬಿನ್‌ನಲ್ಲಿ ತಿರುಪು ತುಂಬಿದ್ದರೆ ಪ್ರತಿ ಜಾಯಿಂಟ್‌ಗೂ ನಾಲ್ಕು ಉದುರುತ್ತವೆ. ಕೂಲೆಂಟ್ (ಮಷೀನ್ ತಂಪು ಮಾಡುವ ದ್ರವ) ಚೆಲ್ಲುವ ಜಾಗ ಇದ್ದರೆ ಅಲ್ಲಿ ಬ್ರೇಕ್ ಹಾಕಿದರೂ ಗಾಡಿ ಜಾರುತ್ತದೆ.

ಬಾಗಿಲಿಗೆ ನೇತುಹಾಕಿರುವ ಪ್ಲಾಸ್ಟಿಕ್ ಪಟ್ಟಿಯ ಪರದೆ ಇದೆಯಲ್ಲ, ಧೂಳು ತಡೆಯೋಕೆ ಹಾಕಿರುತ್ತೇವೆ, ಅದು ಲೇಸರ್‌ಗೆ ಗೋಡೆ. ಅದರ ಮುಂದೆ ರೋಬೋಟ್ ವಿನಯದಿಂದ ನಿಂತೇ ಇರುತ್ತದೆ. ಆ ಬಾಗಿಲಿಗೆ ತಾನಾಗಿ ತೆರೆಯುವ ರೋಲಿಂಗ್ ಶಟರ್ ಹಾಕಿ, ಶಟರ್ ಕಂಟ್ರೋಲರ್‌ಗೆ ರೋಬೋಟ್ ಸಿಗ್ನಲ್ ಕೊಡಿ. ಆ ಖರ್ಚನ್ನು ಮೊದಲೇ ಬಜೆಟ್‌ಗೆ ಸೇರಿಸಿ, ಯಾಕೆಂದರೆ ಯಾವ ಕೊಟೇಶನ್‌ನಲ್ಲೂ ಅದು ಇರಲ್ಲ.

ಮ್ಯಾಪ್

ಮ್ಯಾಪ್ ಮಾಡುವ ದಿನ ಇಂಜಿನಿಯರ್ ಬಂದು ಗಾಡಿಯನ್ನು ಎಲ್ಲ ಕಡೆ ಓಡಿಸುತ್ತಾರೆ. ಅದು ನೋಡಿದ್ದೆಲ್ಲ ಮ್ಯಾಪ್‌ನಲ್ಲಿ ಬೀಳುತ್ತದೆ. ಅವತ್ತು ಅಲ್ಲಿ ನಿಂತಿದ್ದ ಪ್ಯಾಲೆಟ್, ಹ್ಯಾಂಡ್ ಪ್ಯಾಲೆಟ್ ಟ್ರಕ್, ಸೂಪರ್‌ವೈಸರ್ ಮೇಜು, ಎಲ್ಲ. ಇಂಜಿನಿಯರ್ ಪಕ್ಕ ಕೂತು ಯಾವುದು ಶಾಶ್ವತ, ಯಾವುದು ನಾಳೆ ಇರಲ್ಲ ಅಂತ ಹೇಳಿ ಅಳಿಸಬೇಕಾದವರು ನೀವು. ಕಂಬ, ಗೋಡೆ, ಮಷೀನ್ ಬುಡ, ರ‍್ಯಾಕ್ ಕಾಲು ಉಳಿಯಬೇಕು.

ತೊಂದರೆ ಕೊಡುವ ಜಾಗ ಡಿಸ್‌ಪ್ಯಾಚ್ ಯಾರ್ಡ್ ಅಂಚು. ಬೆಳಗ್ಗೆ ಖಾಲಿ, ಸಂಜೆ ಮೂರಾಳೆತ್ತರ ಪ್ಯಾಲೆಟ್. ರೋಬೋಟ್‌ಗೆ ತನ್ನ ಮ್ಯಾಪ್‌ನಲ್ಲಿರುವ ಗೋಡೆ ಕಾಣುವುದೇ ಇಲ್ಲ, ಪ್ಯಾಲೆಟ್ ಸಾಲೇ ಗೋಡೆ ಅಂದುಕೊಂಡು ಜಾಗ ತಪ್ಪುತ್ತದೆ. ಪರದೆಯ ಮೇಲೆ ಗಾಡಿ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತೆ, ನೆಲದಲ್ಲಿ ಅದು ನೇರವಾಗೇ ಹೋಗುತ್ತಿರುತ್ತೆ. ಅಂಥ ಕಡೆ ಕಂಬಗಳಿಗೆ ಸ್ಕ್ಯಾನರ್ ಎತ್ತರದಲ್ಲಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಬಹುದು, ಅಥವಾ ನೆಲಕ್ಕೆ ಕ್ಯೂಆರ್ ಗುರುತು ಹಾಕಬಹುದು, ಗಾಡಿ ಯಾವುದನ್ನು ಓದುತ್ತದೋ ಅದು. ಕಿವಾ ಗಾಡಿಗಳು ಪೂರ್ತಿ ನೆಲದ ಗುರುತಿನ ಮೇಲೇ ಓಡುತ್ತಿದ್ದದ್ದು. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. "ನಮ್ಮದು ಗುರುತೇ ಬೇಡದ ತಂತ್ರಜ್ಞಾನ" ಅಂತ ಹೆಮ್ಮೆ ಪಡುವ ಸೇಲ್ಸ್‌ನವರಿಗೆ ಸಂಜೆ ಆರಕ್ಕೆ ನಿಮ್ಮ ಡಾಕ್, ಮಾಲು ಲಾರಿಗೆ ಹತ್ತಿಸುವ ಜಾಗ, ತೋರಿಸಿ.

ಟ್ರಾಫಿಕ್: ಇಲ್ಲಿ ಸಮಯ ಕೊಡಿ

ಒಂದು ಗಾಡಿಗೆ ದಾರಿ ಹುಡುಕುವ ವಿದ್ಯೆ ಹಳೆಯದು. ಎ-ಸ್ಟಾರ್ ಅನ್ನುವ ವಿಧಾನವನ್ನು ಹಾರ್ಟ್, ನಿಲ್ಸನ್, ರಾಫೆಲ್ ಅನ್ನುವ ಮೂವರು 1968ರಲ್ಲೇ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಶೇಕಿ ಅನ್ನುವ ರೋಬೋಟ್ ಕೆಲಸದಿಂದ ಹುಟ್ಟಿದ್ದು ಅದು. ಇವತ್ತೂ ಹೆಚ್ಚಿನ ಗಾಡಿಗಳ ಒಳಗೆ ಅದೇ ಜಾತಿಯ ಲೆಕ್ಕ ಓಡುತ್ತಿರುತ್ತದೆ. ಕಷ್ಟ ಶುರುವಾಗೋದು ಎರಡನೇ ಗಾಡಿ ಬಂದಾಗ. ಎರಡಕ್ಕೂ ತನ್ನ ದಾರಿ ಸರಿ, ಇಬ್ಬರೂ ಎದುರುಬದುರು ನಿಂತು ಮೂಗು ತಿಕ್ಕುತ್ತಿರುತ್ತಾರೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಘಾಟಿ ಇಳಿಯುವ ರೈಲು ನೋಡಿದ್ದೀರಲ್ಲ. ಒಂದೇ ಹಳಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ ಅಂತ ಮಧ್ಯೆ ಸ್ಟೇಷನ್‌ಗಳು. ಎರಡು ಸ್ಟೇಷನ್ ನಡುವಿನ ತುಂಡು ಹಳಿಯಲ್ಲಿ ಎದುರುಬದುರು ಎರಡು ರೈಲು ಇರೋ ಹಾಗಿಲ್ಲ. ಮುಂದಿನ ತುಂಡು ಖಾಲಿ ಅಂತ ಒಪ್ಪಿಗೆ ಸಿಕ್ಕರೆ ಹೊರಡಬೇಕು, ಇಲ್ಲವಾದರೆ ಲೂಪ್ ಲೈನ್‌ನಲ್ಲಿ, ಅಂದರೆ ಸ್ಟೇಷನ್‌ನ ಪಕ್ಕದ ಹಳಿಯಲ್ಲಿ, ನಿಂತು ಕ್ರಾಸಿಂಗ್ ಕಾಯಬೇಕು. ನಿಮ್ಮ ಗ್ಯಾಂಗ್‌ವೇಗಳನ್ನೂ ಹೀಗೇ ತುಂಡು ಮಾಡಿ. ಪ್ರತಿ ತುಂಡು, ಪ್ರತಿ ಜಂಕ್ಷನ್ ಒಂದು ಜೋನ್. ಒಳಗೆ ಹೋಗುವ ಮುಂಚೆ ಗಾಡಿ ಅದನ್ನು ತನ್ನ ಹೆಸರಿಗೆ ಬರೆಸಿಕೊಳ್ಳಬೇಕು, ಹೊರಬಂದ ಮೇಲೆ ಬಿಟ್ಟುಕೊಡಬೇಕು. ಇದನ್ನು ನೋಡಿಕೊಳ್ಳುವುದು ಫ್ಲೀಟ್ ಮ್ಯಾನೇಜರ್ ಅನ್ನುವ ಸಾಫ್ಟ್‌ವೇರ್. ಅದರಲ್ಲಿ ಈ ನಿಯಮಗಳು ಸರಿಯಾಗಿ ಬಿದ್ದಿವೆಯಾ ಅಂತ ನೀವೇ ಕೂತು ನೋಡಬೇಕು.

ಮೊದಲನೆಯದು: ಆ ಕಡೆ ಹೊರಬರೋಕೆ ಜಾಗ ಖಾತ್ರಿ ಆಗದೆ ಯಾವ ಗಾಡಿಯೂ ಜಂಕ್ಷನ್ ಒಳಗೆ ಕಾಲಿಡಬಾರದು. ಜಂಕ್ಷನ್ ಮಧ್ಯೆ ನಿಂತ ಒಂದು ಗಾಡಿ ನಾಲ್ಕು ದಾರಿ ಕಟ್ಟುತ್ತದೆ. ನಾಲ್ಕು ಗಾಡಿ ನಾಲ್ಕು ಕಡೆಯಿಂದ ಬಂದು, ಪ್ರತಿಯೊಂದೂ ಪಕ್ಕದವರ ಜಾಗಕ್ಕೆ ಕಾಯುತ್ತಾ ನಿಂತರೆ ಅದು ತಾನಾಗಿ ಬಿಡಿಸಿಕೊಳ್ಳುವುದೇ ಇಲ್ಲ. ಯಾರಾದರೂ ಹೋಗಿ ಒಂದನ್ನು ಕೈಯಲ್ಲಿ ಹಿಂದಕ್ಕೆ ತೆಗೆಯಬೇಕು.

ತುದಿ ಮುಚ್ಚಿದ ಸಾಲಿಗೆ ಒಂದೇ ಗಾಡಿ. ಒಳಗೆ ಇಬ್ಬರು ಹೋದರೆ ಮುಂದಿನವನು ಹೊರಬರೋಕೆ ಹಿಂದಿನವನು ಹಿಮ್ಮುಖ ಬರಬೇಕು, ಅಷ್ಟರಲ್ಲಿ ಮೂರನೆಯವನು ಬಾಯಲ್ಲಿ ನಿಂತಿರುತ್ತಾನೆ.

ಇನ್ನು ಲೂಪ್ ಲೈನ್. ಬಹಳ ಜನ ಮರೆಯುವುದು ಇದನ್ನೇ. ನಿಮ್ಮ ಬಳಿ ಐದು ಗಾಡಿ ಇದ್ದರೆ, ಯಾರ ದಾರಿಗೂ ಅಡ್ಡ ಬಾರದ ಹಾಗೆ ಐದೂ ಒಟ್ಟಿಗೆ ನಿಲ್ಲೋಕೆ ಐದು ಜಾಗ ಇರಬೇಕು. ಚಾರ್ಜಿಂಗ್ ಜಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಭಾನುವಾರ ಎಲ್ಲ ನಿಂತಾಗ, ಸಾಫ್ಟ್‌ವೇರ್ ಮತ್ತೆ ಶುರು ಮಾಡುವಾಗ ಈ ಜಾಗಗಳೇ ಗತಿ. ಕೆಲಸ ಮುಗಿಸಿದ ಗಾಡಿ ಇಳಿಸಿದ ಜಾಗದಲ್ಲೇ ಸುಮ್ನೆ ನಿಲ್ಲುವ ಸೆಟ್ಟಿಂಗ್ ಇದ್ದರೆ ತೆಗೆಸಿ. ಅದು ಅಲ್ಲಿ ನಿಂತಿರುವಷ್ಟು ಹೊತ್ತು ಮುಂದಿನ ಗಾಡಿ ಅಲ್ಲಿಗೆ ಬರುವಂತಿಲ್ಲ. ಮತ್ತೆ ಒಂದು ವಿಷಯ, ಫೈರ್ ಎಕ್ಸಿಟ್ ಮುಂದೆ, ಹೋಸ್ ರೀಲ್ ಮುಂದೆ, ಎಲೆಕ್ಟ್ರಿಕಲ್ ಪ್ಯಾನಲ್ ಮುಂದೆ ನಿಲ್ಲದಂತೆ ಮ್ಯಾಪ್‌ನಲ್ಲೇ ಗುರುತು ಹಾಕಿಸಿ. ಫೈರ್ ಅಲಾರ್ಮ್ ಹೊಡೆದಾಗ ಗಾಡಿಗಳು ಏನು ಮಾಡಬೇಕು ಅಂತ ಸೇಫ್ಟಿ ಆಫೀಸರ್ ಜೊತೆ ಕೂತು ಬರೆದಿಡಿ. ಎಲ್ಲ ಇದ್ದಲ್ಲೇ ನಿಂತುಬಿಟ್ಟರೆ ಓಡುವ ಜನಕ್ಕೆ ಅವೇ ಅಡ್ಡಿ.

ಈಗ ನನ್ನ ಒಂದು ಹಟ. ಎಎಂಆರ್ ಕೊಳ್ಳುವಾಗ ಎಲ್ಲರೂ ಮೆಚ್ಚುವುದು ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುವ ಗುಣವನ್ನು. ಡೆಮೊದಲ್ಲಿ ಯಾರೋ ಒಂದು ಕುರ್ಚಿ ಅಡ್ಡ ಇಡುತ್ತಾರೆ, ಗಾಡಿ ಚೆಂದವಾಗಿ ಸುತ್ತಿ ಹೋಗುತ್ತದೆ, ಎಂಡಿ ಚಪ್ಪಾಳೆ ತಟ್ಟುತ್ತಾರೆ. ಎರಡೂವರೆ ಮೀಟರ್ ಗ್ಯಾಂಗ್‌ವೇಯಲ್ಲಿ ಆ ಗುಣ ಆಫ್ ಮಾಡಿ. ಸುತ್ತಲು ಹೋದ ಗಾಡಿ ಅರ್ಧ ಅಡ್ಡಾಗಿ ನಿಂತು, ಹಿಂದೆ ಬಂದ ಫೋರ್ಕ್‌ಲಿಫ್ಟ್‌ಗೂ ದಾರಿ ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಡಿ ಯಾವ ಕಡೆ ಹೊರಳುತ್ತೆ ಅಂತ ಪಕ್ಕದಲ್ಲಿ ನಡೆಯುವವರಿಗೆ ಗೊತ್ತಾಗಬೇಕು. ಕಿರಿದಾದ ದಾರಿಯಲ್ಲಿ ನಿಂತು ಕಾಯಲಿ, ಹಾರ್ನ್ ಹೊಡೆಯಲಿ, ಒಂದು ನಿಮಿಷ ಆದ ಮೇಲೆ ಸೂಪರ್‌ವೈಸರ್ ಫೋನ್‌ಗೆ ಮೆಸೇಜ್ ಕಳಿಸಲಿ. ಸ್ಟೋರ್ಸ್ ಮುಂದಿನ ಅಗಲ ಜಾಗದಲ್ಲಿ, ಡಾಕ್‌ನಲ್ಲಿ ಬೇಕಾದರೆ ಸುತ್ತಲಿ.

ಯಾರಿಗೆ ಯಾವ ಕೆಲಸ

ಲೈನ್‌ನಿಂದ ಕರೆ ಬಂದಾಗ ಹತ್ತಿರ ಇರುವ ಖಾಲಿ ಗಾಡಿಗೆ ಕೆಲಸ ಕೊಡುವುದು ಎಲ್ಲ ಸಾಫ್ಟ್‌ವೇರ್‌ಗಳ ಅಭ್ಯಾಸ. ಮೀಟರ್ ಲೆಕ್ಕದಲ್ಲಿ ಹತ್ತಿರ ಇರುವುದು ಒನ್ ವೇ ಲೆಕ್ಕದಲ್ಲಿ ದೂರ ಇರಬಹುದು, ಅದನ್ನು ನೋಡಿಕೊಳ್ಳಿ. ತುಂಬಿದ ಟ್ರಾಲಿ ಇಳಿಸಿದ ಗಾಡಿಗೇ ಅಲ್ಲಿಂದ ಖಾಲಿ ಟ್ರಾಲಿ ತರುವ ಕೆಲಸ ಕೊಟ್ಟರೆ ಒಂದು ಖಾಲಿ ಓಟ ಉಳಿಯಿತು. ಅರ್ಜೆಂಟ್ ಅಂತ ಒಂದು ದರ್ಜೆ ಇಡಿ, ಆದರೆ ಕಾದಷ್ಟೂ ಸಾಮಾನ್ಯ ಕೆಲಸದ ದರ್ಜೆ ಏರುತ್ತಾ ಹೋಗಬೇಕು. ಇಲ್ಲದಿದ್ದರೆ ಖಾಲಿ ಬಿನ್ ತರುವ ಕೆಲಸ ಯಾವತ್ತೂ ಆಗಲ್ಲ. ಖಾಲಿ ಬಿನ್ ಬರದೆ ಸ್ಟೋರ್ಸ್‌ನವರು ತುಂಬೋದು ಯಾವುದಕ್ಕೆ?

ಕರೆ ಗುಂಡಿಯ ಕಥೆ ಹೇಳಲೇಬೇಕು. ಲೈನ್ ಪಕ್ಕ ಒಂದು ಹಸಿರು ಗುಂಡಿ ಇಟ್ಟರೆ, ಟಾರ್ಗೆಟ್ ಚಿಂತೆಯಲ್ಲಿರುವ ಆಪರೇಟರ್ ಅದನ್ನು ಒಂದು ಸಲ ಒತ್ತಿ ಸುಮ್ಮನಿರಲ್ಲ. ಐದು ಸಲ ಒತ್ತುತ್ತಾರೆ. ಐದು ಟ್ರಾಲಿ ಒಂದರ ಹಿಂದೊಂದು ಬಂದು ನಿಂತವು ಅಂದರೆ ಆ ಗ್ಯಾಂಗ್‌ವೇ ಮುಗಿಯಿತು. ಒಂದು ಜಾಗಕ್ಕೆ ಒಂದು ಕರೆ ಬಾಕಿ ಇರುವಾಗ ಇನ್ನೊಂದು ಹುಟ್ಟಬಾರದು ಅಂತ ಸಾಫ್ಟ್‌ವೇರ್‌ನಲ್ಲಿ ಬರೆಸಿ, ಮತ್ತು ಗುಂಡಿಯ ಪಕ್ಕ ಒಂದು ದೀಪ ಇಡಿ. ಕರೆ ತಲುಪಿದೆ ಅಂತ ಗೊತ್ತಾದರೆ ಯಾರೂ ಮತ್ತೆ ಒತ್ತಲ್ಲ. ಇಳಿಸುವ ಪ್ರತಿ ಜಾಗಕ್ಕೂ ಒಂದು ಬದಲಿ ಜಾಗ ಇರಲಿ. ಯಾರೋ ಅಲ್ಲಿ ಹ್ಯಾಂಡ್ ಪ್ಯಾಲೆಟ್ ಟ್ರಕ್ ಬಿಟ್ಟು ಟೀಗೆ ಹೋಗಿರುತ್ತಾರೆ.

ಬ್ರೇಕ್, ಸ್ಕ್ಯಾನರ್, ಆಯುಧಪೂಜೆ

ನಿಲ್ಲುವ ದೂರದಲ್ಲಿ ಎರಡು ಭಾಗ. ಸ್ಕ್ಯಾನರ್ ನೋಡಿ ಬ್ರೇಕ್ ಹಿಡಿಯುವವರೆಗೆ ಗಾಡಿ ಹೋಗುವ ದೂರ ಒಂದು, ಬ್ರೇಕ್ ಹಿಡಿದ ಮೇಲೆ ಹೋಗುವ ದೂರ ಇನ್ನೊಂದು. ಸೆಕೆಂಡಿಗೆ 1.5 ಮೀಟರ್ ವೇಗ, 0.3 ಸೆಕೆಂಡ್ ತಡ, ಸೆಕೆಂಡಿಗೆ ಒಂದು ಮೀಟರ್‌ನಂತೆ ವೇಗ ಇಳಿಸುವ ಬ್ರೇಕ್ ಅಂತಿಟ್ಟುಕೊಂಡರೆ 0.45 ಮತ್ತು 1.13, ಒಟ್ಟು ಸುಮಾರು 1.6 ಮೀಟರ್. ವೇಗ 0.8ಕ್ಕೆ ಇಳಿಸಿದರೆ 0.56 ಮೀಟರ್‌ಗೆ ನಿಲ್ಲುತ್ತದೆ. ಹೊರೆ ತುಂಬಿದಾಗ, ಇಳಿಜಾರಿನಲ್ಲಿ, ನೆಲ ಒದ್ದೆ ಇದ್ದಾಗ ಎಷ್ಟು ಅಂತ ಗಾಡಿ ತರಿಸಿದ ದಿನವೇ ಅಳೆಯಿರಿ. ಪೂರ್ತಿ ಹೊರೆ ಹಾಕಿ ಅಳೆಯಿರಿ.

ಈ ದೂರಕ್ಕೆ ಇನ್ನೊಂದಿಷ್ಟು ಸೇರಿಸಿ ಸ್ಕ್ಯಾನರ್ ತನ್ನ ಮುಂದೆ ಒಂದು ಕಾವಲು ಜಾಗ ಇಟ್ಟುಕೊಳ್ಳುತ್ತದೆ. ಅದರೊಳಗೆ ಏನು ಬಂದರೂ ಗಾಡಿ ನಿಲ್ಲಬೇಕು. ವೇಗ ಹೆಚ್ಚಾದಷ್ಟೂ ಅದು ಉದ್ದ. ಕಿರಿದಾದ ಸಾಲಿನಲ್ಲಿ ವೇಗವಾಗಿ ಹೋಗಲು ಬಿಟ್ಟರೆ ತಿರುವಿನಲ್ಲಿ ಆ ಉದ್ದನೆಯ ಕಾವಲು ರ‍್ಯಾಕ್ ಕಾಲಿಗೆ ತಾಗಿ ಗಾಡಿ ಧಡಕ್ ಅಂತ ನಿಲ್ಲುತ್ತದೆ. ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಅಂಥ ಜಾಗದಲ್ಲಿ ವೇಗ ಕಡಿಮೆ ಇಟ್ಟರೆ ಗಾಡಿ ಬೇಗ ತಲುಪುತ್ತದೆ. ನಂಬಲ್ಲ ಅನ್ನುವವರು ವಾಚ್ ಹಿಡಿದು ನೋಡಲಿ.

ಸುರಕ್ಷತೆಯ ಸ್ಕ್ಯಾನರ್ ನೋಡುವುದು ನೆಲದಿಂದ ಒಂದು ಗೇಣು ಮೇಲೆ, ಒಂದೇ ಮಟ್ಟದಲ್ಲಿ. ಮನುಷ್ಯನ ಕಾಲು ಕಾಣುತ್ತದೆ. ಎತ್ತಿ ನಿಲ್ಲಿಸಿದ ಫೋರ್ಕ್‌ಲಿಫ್ಟ್‌ನ ಫೋರ್ಕ್ ಕಾಣುವುದಿಲ್ಲ, ಮೇಜಿನ ಹಲಗೆ ಕಾಣುವುದಿಲ್ಲ, ರ‍್ಯಾಕ್‌ನಿಂದ ಹೊರಚಾಚಿದ ಪೈಪ್ ಕಾಣುವುದಿಲ್ಲ. ಮೇಲೆ 3ಡಿ ಕ್ಯಾಮೆರಾ ಇರುವ ಗಾಡಿ ತಗೊಳ್ಳಿ. ಇದ್ದರೂ ಫೋರ್ಕ್ ನೆಲಕ್ಕೆ ಇಳಿಸದೆ ಗಾಡಿ ಬಿಟ್ಟು ಹೋಗಬಾರದು ಅನ್ನುವ ನಿಯಮ ಗಟ್ಟಿಯಾಗಿ ಜಾರಿಗೆ ತನ್ನಿ.

ಇನ್ನು ನಮ್ಮ ಊರಿನದೇ ಒಂದು ವಿಷಯ, ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ. ಆಯುಧಪೂಜೆ. ಹುಡುಗರು ಲೇತ್, ಫೋರ್ಕ್‌ಲಿಫ್ಟ್‌ಗೆ ಮಾಡುವ ಹಾಗೆ ರೋಬೋಟ್‌ಗೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಎರಡೂ ಪಕ್ಕ ಬಾಳೆಕಂದು ಕಟ್ಟುತ್ತಾರೆ. ವಿಭೂತಿ ಎಳೆಯೋಕೆ ಹಣೆಯ ಹಾಗೆ ಕಾಣುವ ನುಣುಪಾದ ಕಪ್ಪು ಜಾಗ ಯಾವುದು? ಸ್ಕ್ಯಾನರ್ ಕಿಟಕಿ. ಮಾರನೇ ಬೆಳಗ್ಗೆ ಗಾಡಿ ಏಳಲ್ಲ, ಪರದೆಯಲ್ಲಿ "ಕಿಟಕಿ ಕೊಳೆಯಾಗಿದೆ" ಅಂತ ಬರುತ್ತದೆ. ಒಣ ಬಟ್ಟೆಯಲ್ಲಿ ಗಸಗಸ ಉಜ್ಜಿದರೆ ಗೀರು ಬಿದ್ದು ಆ ಕಿಟಕಿಯೇ ಬದಲಾಯಿಸಬೇಕಾಗುತ್ತೆ. ಪೂಜೆ ಬೇಡ ಅನ್ನಬೇಡಿ, ಯಾರೂ ಕೇಳಲ್ಲ, ಕೇಳಲೂಬಾರದು. ಹಿಂದಿನ ದಿನವೇ ಸ್ಕ್ಯಾನರ್‌ಗಳಿಗೆ ಕಾಗದ ಸುತ್ತಿ ಟೇಪ್ ಹಾಕಿ, ಗಾಡಿಯ ತಲೆ ಮೇಲೆ ಒಂದು ಜಾಗ ತೋರಿಸಿ, ಇಲ್ಲಿ ಇಡಿ ಅನ್ನಿ. ಬಾಳೆಕಂದು ಬಿಚ್ಚಿದ ಮೇಲೇ ಆನ್ ಮಾಡಿ, ಎಲೆ ಸ್ಕ್ಯಾನರ್ ಮುಂದೆ ಆಡುತ್ತಿದ್ದರೆ ಗಾಡಿ ಕದಲಲ್ಲ. ನಿಂಬೆಹಣ್ಣಿನ ಮೇಲೆ ಮಾತ್ರ ಆರಾಮಾಗಿ ಹತ್ತಿ ಹೋಗುತ್ತದೆ, ಅದು ಸ್ಕ್ಯಾನರ್ ಮಟ್ಟಕ್ಕೆ ಬರಲ್ಲ.

ಚಾರ್ಜು, ವೈಫೈ, ಬೇರೆ ಬೇರೆ ಕಂಪನಿ ಗಾಡಿ

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಲಿಥಿಯಂ ಬ್ಯಾಟರಿ ಗಾಡಿ ಇದ್ದರೆ ಪೂರ್ತಿ ಇಳಿಯುವವರೆಗೆ ಕಾಯದೆ, ಟೀ ಬ್ರೇಕ್, ಊಟ, ಶಿಫ್ಟ್ ಬದಲಾಗುವ ಹೊತ್ತಲ್ಲಿ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿಸಿ. ಕೆಲಸ ಇಲ್ಲದ ಗಾಡಿ ಚಾರ್ಜರ್‌ಗೆ ಹೋಗಿ ನಿಲ್ಲಲಿ. ಎಲ್ಲ ಗಾಡಿಯೂ ಒಂದೇ ಹೊತ್ತಿಗೆ ಹಸಿದು ಬರದಂತೆ ಮಿತಿಗಳನ್ನು ಬೇರೆ ಬೇರೆ ಇಡಿ.

ವೈಫೈ ಬಗ್ಗೆ ಐಟಿಯವರು "ಎಲ್ಲ ಕಡೆ ಸಿಗ್ನಲ್ ಇದೆ ಸಾರ್" ಅನ್ನುತ್ತಾರೆ. ಕೂತು ಲ್ಯಾಪ್‌ಟಾಪ್ ನೋಡುವವರಿಗೆ ಇದೆ. ಓಡುವ ಗಾಡಿ ಒಂದು ಆಕ್ಸೆಸ್ ಪಾಯಿಂಟ್ ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಸಂಪರ್ಕ ಕಡಿಯುತ್ತಾ ಅಂತ ನೋಡಬೇಕು, ಅದೂ ರ‍್ಯಾಕ್‌ಗಳಲ್ಲಿ ಲೋಹದ ಮಾಲು ತುಂಬಿರುವಾಗ. ಕರೆಂಟ್ ಹೋದಾಗ ಇನ್ನೊಂದು ತಮಾಷೆ. ಗಾಡಿಗಳು ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತವೆ. ಜನರೇಟರ್ ಎತ್ತಿಕೊಳ್ಳುವ ಆ ಕೆಲವು ಸೆಕೆಂಡ್‌ನಲ್ಲಿ ವೈಫೈ ಸತ್ತು, ಮತ್ತೆ ಎದ್ದು ಬರೋಕೆ ನಿಮಿಷಗಳು ಬೇಕು. ಅಷ್ಟೂ ಹೊತ್ತು ಎಲ್ಲ ಗಾಡಿಗಳೂ ನಡುದಾರಿಯಲ್ಲಿ. ಆಕ್ಸೆಸ್ ಪಾಯಿಂಟ್, ಸ್ವಿಚ್, ಸರ್ವರ್ ಮೂರಕ್ಕೂ ಯುಪಿಎಸ್ ಕೊಡಿಸಿ.

ಮುಂದೆ ಬೇರೆ ಕಂಪನಿಯ ಗಾಡಿಯೂ ತರುವ ಯೋಚನೆ ಇದ್ದರೆ ವಿಡಿಎ 5050 ಅನ್ನುವ ಹೆಸರು ನೆನಪಿಡಿ. ಜರ್ಮನಿಯ ವಾಹನ ತಯಾರಕರ ಮತ್ತು ಯಂತ್ರ ತಯಾರಕರ ಸಂಘಗಳು ಸೇರಿ ಮಾಡಿದ ಒಪ್ಪಂದದ ಭಾಷೆ ಅದು. 2022ರಲ್ಲಿ 2.0 ಆವೃತ್ತಿ ಬಂತು. ಯಾವ ಕಂಪನಿಯ ಗಾಡಿಗೂ ಒಂದೇ ಕಂಟ್ರೋಲ್‌ನಿಂದ ಆದೇಶ ಕಳಿಸಬಹುದು. ಅದರಲ್ಲಿ ದಾರಿಯನ್ನು ಎರಡು ಭಾಗ ಮಾಡುತ್ತಾರೆ. 'ಬೇಸ್' ಅಂದರೆ ಇಲ್ಲಿಯವರೆಗೆ ಹೋಗಬಹುದು ಅಂತ ಬಿಟ್ಟುಕೊಟ್ಟ ಭಾಗ. 'ಹೊರೈಜನ್' ಅಂದರೆ ಮುಂದೆ ಹೋಗಬೇಕಿರುವ, ಆದರೆ ಇನ್ನೂ ಒಪ್ಪಿಗೆ ಸಿಗದ ಭಾಗ. ಬೇಸ್ ಮುಗಿದಲ್ಲಿ ಗಾಡಿ ನಿಂತು ಕಾಯುತ್ತದೆ. ಎಡಕುಮೇರಿಯ ಸ್ಟೇಷನ್ ಮಾಸ್ಟರ್‌ಗೆ ಇದನ್ನು ವಿವರಿಸೋಕೆ ಒಂದು ನಿಮಿಷವೂ ಬೇಡ. "ನಮ್ಮ ಗಾಡಿ ವಿಡಿಎ 5050ಗೆ ಸಪೋರ್ಟ್ ಮಾಡುತ್ತೆ" ಅಂದವರ ಹತ್ತಿರ ಯಾವ ಆವೃತ್ತಿ, ಬೇರೆ ಯಾರ ಕಂಟ್ರೋಲ್ ಜೊತೆ ಓಡಿಸಿದ್ದೀರಿ, ಹೋಗಿ ನೋಡಬಹುದಾ ಅಂತ ಕೇಳಿ.

ದುಡ್ಡು ಕೊಡುವ ಮುಂಚೆ

ಪ್ಲಾನ್ ಹಾಕುವಾಗ ಟ್ರಾಲಿ ಎಳೆಯುವ ಟೋ ಟ್ರಕ್ ಓಡಿಸುವ ಅಣ್ಣನನ್ನು ಪಕ್ಕ ಕೂರಿಸಿಕೊಳ್ಳಿ. ಯಾವ ತಿರುವಿನಲ್ಲಿ ಯಾವ ಹೊತ್ತಿಗೆ ಜಾಮ್ ಆಗುತ್ತೆ, ಯಾವ ಲೈನ್ ಲೀಡರ್ ಬಿನ್ ಮುಗಿಯುವ ಎಷ್ಟೋ ಮುಂಚೆ ಕೂಗಾಡುತ್ತಾರೆ, ಎಲ್ಲ ಅವರ ತಲೆಯಲ್ಲಿ ಇರುತ್ತದೆ. ತನ್ನ ಕೆಲಸ ಹೋಗುತ್ತೆ ಅನ್ನುವ ಭಯದಲ್ಲಿರುವವರು ಬಾಯಿ ಬಿಡಲ್ಲ. ಆದ್ದರಿಂದ ರೋಬೋಟ್ ಬಂದ ಮೇಲೆ ಅವರು ಏನು ಮಾಡುತ್ತಾರೆ ಅನ್ನೋದನ್ನ ಮ್ಯಾನೇಜ್‌ಮೆಂಟ್‌ನಿಂದ ಮೊದಲೇ ಬರವಣಿಗೆಯಲ್ಲಿ ಕೊಡಿಸಿ. ಗಾಡಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಡಿಪ್ಲೊಮಾ ಹುಡುಗರಿಗಿಂತ ಅವರೇ ವಾಸಿ, ನನ್ನ ಅನುಭವದಲ್ಲಿ.

ಒಪ್ಪಿಸಿಕೊಳ್ಳುವ ಪರೀಕ್ಷೆಯನ್ನು ಭಾನುವಾರ ಖಾಲಿ ಶೆಡ್‌ನಲ್ಲಿ ಮಾಡಿಸಿಕೊಳ್ಳಬೇಡಿ. ಸೋಮವಾರ ಬೆಳಗ್ಗೆ 6ಕ್ಕೆ ಮಾಡಿ. ಬೇಕಂತಲೇ ಒಂದು ಜಂಕ್ಷನ್‌ನಲ್ಲಿ ಪ್ಯಾಲೆಟ್ ಇಡಿ, ಒಂದು ಗಾಡಿಯ ಎಮರ್ಜೆನ್ಸಿ ಗುಂಡಿ ಒತ್ತಿ ನಡುದಾರಿಯಲ್ಲಿ ನಿಲ್ಲಿಸಿ, ಒಂದು ಆಕ್ಸೆಸ್ ಪಾಯಿಂಟ್ ಆಫ್ ಮಾಡಿ. ಉಳಿದ ಗಾಡಿಗಳು ಏನು ಮಾಡುತ್ತವೆ, ಎಲ್ಲ ಸರಿಹೋಗೋಕೆ ಎಷ್ಟು ಹೊತ್ತು ಬೇಕು, ಬರೆದುಕೊಳ್ಳಿ. ಆಮೇಲೆ ದಿನಾ ನೋಡಬೇಕಾದ ಅಂಕಿ ಎರಡೇ. ಒಂದು ಟ್ರಿಪ್‌ನಲ್ಲಿ ಎಷ್ಟು ಹೊತ್ತು ನಿಂತಿತ್ತು, ಒಂದು ಶಿಫ್ಟ್‌ನಲ್ಲಿ ಎಷ್ಟು ಸಲ ಮನುಷ್ಯರು ಹೋಗಿ ಬಿಡಿಸಬೇಕಾಯಿತು. ಎಷ್ಟು ಕಿಲೋಮೀಟರ್ ಓಡಿತು ಅನ್ನುವ ಗ್ರಾಫ್ ಬಣ್ಣಬಣ್ಣವಾಗಿ ಬರುತ್ತದೆ, ಅದನ್ನು ವಿಸಿಟರ್ಸ್‌ಗೆ ತೋರಿಸಿ.

ಮ್ಯಾಪ್ ತಿದ್ದುವ ಪಾಸ್‌ವರ್ಡ್ ವಿಚಾರ ಕೊನೆಗೆ ಇಟ್ಟಿದ್ದೆ. ಲೈನ್ ಜಾಗ ಬದಲಾಗುತ್ತಲೇ ಇರುತ್ತದೆ. ಒಂದು ಮೇಜು ಸರಿಸಿದ್ದಕ್ಕೆ, ಒಂದು ಇಳಿಸುವ ಜಾಗ ಎರಡಡಿ ಆಚೆ ಹಾಕಿದ್ದಕ್ಕೆ ಹೊರಗಿನವರನ್ನು ಕರೆಸಿ ವಿಸಿಟ್ ಚಾರ್ಜ್ ಕೊಡುತ್ತಾ ಕೂತರೆ ಆಗಲ್ಲ. ನಿಮ್ಮ ಇಬ್ಬರು ಹುಡುಗರು ಇಂಜಿನಿಯರ್ ಸಹಾಯವಿಲ್ಲದೆ, ನಿಮ್ಮ ಕಣ್ಣೆದುರು ಮ್ಯಾಪ್ ತಿದ್ದಿ, ಹೊಸ ಜಾಗ ಸೇರಿಸಿ, ಜೋನ್ ಹಾಕಿ, ಗಾಡಿ ಓಡಿಸಿ ತೋರಿಸುವವರೆಗೆ ಕೊನೆಯ ಕಂತಿನ ಚೆಕ್‌ಗೆ ಸಹಿ ಹಾಕಿಸಬೇಡಿ.